ಒಂದು ನಂಬರಿಗೆ ನಾಲ್ಕು ಹೆಸರು

ರಾಜೇಶ್ವರಿಗೆ ಅರ್ಚನಾಳ ಮೇಲೆ ಹೊಟ್ಟೆಕಿಚ್ಚು ಶುರುವಾಗಿ ಎರಡು ವರ್ಷ ಆಗಿತ್ತು. ಅರ್ಚನಾ ನಕ್ಕರೂ ಉರಿ, ಅವಳು ಮಾಡಿದ ಚಹಾ ಚೆನ್ನಾಗಿದ್ದರೆ ಇನ್ನೂ ಉರಿ. ಮೂಡಲಗಿಯ ಆ ಎರಡು ಖೋಲಿಯ ಮನೆಯಲ್ಲಿ ಹದಿನಾರು ವರ್ಷ ಸುಂದ್ರವ್ವನ ಮಗಳು ಅಂತ ಇದ್ದವಳು ತಾನೊಬ್ಬಳೇ. ಗಂಡಾಗಿ ಹುಟ್ಟಿದವನಿಗೆ ಸೀರೆಯ ಹುಚ್ಚು ಯಾಕೆಂದು ಹೆತ್ತವರು ಹೊಡೆದು ಹೊರಹಾಕಿದಾಗ ತನ್ನನ್ನು ಒಳಗೆ ಕರೆದು ಉಣ್ಣಲಿಕ್ಕೆ ಹಾಕಿದವಳು ಸುಂದ್ರವ್ವ. ಅವಳೂ ಮಂಗಳಮುಖಿ, ಅದೇ ಹಾದಿ ತುಳಿದು ಬಂದವಳು. ಅಂಥ ಮನೆಗೆ ಹುಕ್ಕೇರಿಯಿಂದ ಒಂದು ಬ್ಯಾಗು, ಒಂದು ದೊಡ್ಡ ಫೋನು ಹಿಡಿದುಕೊಂಡು ಅರ್ಚನಾ ಬಂದಿಳಿದಳು. ಇವರಂಥವಳೇ, ಇಪ್ಪತ್ತನಾಲ್ಕರ ಹುಡುಗಿ. ಬಂದ ತಿಂಗಳಿಗೇ 'ಅವ್ವಾ' ಅನ್ನತೊಡಗಿದಳು. ರಾಜೇಶ್ವರಿಯ ಬಾಯಿಗೆ ಆ ಮಾತು ಬರಲು ಒಂದು ವರ್ಷ ಹಿಡಿದಿತ್ತು.

ಅದು ಕೊರೊನಾದ ಎರಡನೇ ವರ್ಷ. ಸುಂದ್ರವ್ವನಿಗೆ ಅರವತ್ತೆರಡು, ಮೇಲೆ ಸಕ್ಕರೆ ಕಾಯಿಲೆ. ಓಣಿಯಲ್ಲಿ ಹದಿನೈದು ದಿನದಲ್ಲಿ ಮೂರು ಮಂದಿ ಹೋಗಿದ್ದರು. ಲಸಿಕೆಗೆಂದು ಪೇಟೆಯ ಆಸ್ಪತ್ರೆಗೆ ಹೋದರೆ ಹೆಂಗಸರ ಸಾಲಿನವರು "ಅತ್ತಾಗ ಹೋಗ್ರಿ" ಎಂದರು, ಗಂಡಸರ ಸಾಲಿನವರು ಸಿಳ್ಳೆ ಹೊಡೆದರು. ಸುಂದ್ರವ್ವ ಮನೆಗೆ ಬಂದವಳು ಮತ್ತೆ ಆ ಮಾತೇ ಎತ್ತಲಿಲ್ಲ. ಆಗ ಅರ್ಚನಾ ಗೋಕಾಕಕ್ಕೆ ಎಂಟು ಸಲ ಅಲೆದು, ಆರೋಗ್ಯ ಇಲಾಖೆಯ ಸಾಹೇಬರ ತಲೆ ತಿಂದು, ಮೂಡಲಗಿಯ ಶಾಲೆಯೊಂದರಲ್ಲಿ ತಮ್ಮವರಿಗೆಂದೇ ಒಂದು ದಿನದ ಲಸಿಕೆ ಗೊತ್ತು ಮಾಡಿಕೊಂಡು ಬಂದಳು. ಇದು ಯಾರಾದರೂ ಮೆಚ್ಚುವಂಥ ಕೆಲಸ. ತಾನೂ ಮೆಚ್ಚಬೇಕಾಗಿ ಬಂತಲ್ಲ ಎಂಬುದೇ ರಾಜೇಶ್ವರಿಯ ಸಂಕಟ.

ಲಸಿಕೆಗೆ ಹೆಸರು ಬರೆಸುವಾಗ ಒಂದು ಫೋನ್ ನಂಬರಿಗೆ ನಾಲ್ಕು ಹೆಸರು ಹಾಕಬಹುದಿತ್ತು. ಅರ್ಚನಾ ತನ್ನ ನಂಬರಿಗೆ ತನ್ನ ಹೆಸರು, ಸುಂದ್ರವ್ವನ ಹೆಸರು, ಬೆಲ್ಲದ ಬಾಗೇವಾಡಿಯ ಮುದುಕಿ ಅಕ್ಕವ್ವನ ಹೆಸರು, ಮಮದಾಪುರದ ಸುಮನ್ ಹೆಸರು ಹಾಕಿದಳು. ಸುಂದ್ರವ್ವ ಕನ್ನಡಕ ಏರಿಸಿ ನೋಡಿ ನಕ್ಕಳು.

"ಯಾವ ರೇಶನ್ ಕಾರ್ಡಿನ್ಯಾಗೂ ನಮ್ಮ ಹೆಸರು ಕೂಡಿ ಬರಲಿಲ್ಲ. ಇದ ನೋಡ ನಮ್ಮ ಮನಿ ಕಾರ್ಡು."

ರಾಜೇಶ್ವರಿ ಅಲ್ಲೇ ಕೂತು ಹಿಟ್ಟು ನಾದುತ್ತಿದ್ದಳು. ಮನೆ ಕಾರ್ಡಂತೆ. ಬಾಗೇವಾಡಿಯವಳು ಮನೆಯವಳಂತೆ, ಮಮದಾಪುರದವಳು ಮನೆಯವಳಂತೆ, ಹದಿನೆಂಟು ವರ್ಷ ರೊಟ್ಟಿ ಬಡಿದು ಹಾಕಿದವಳ ಹೆಸರಿಗೆ ಜಾಗ ಇಲ್ಲವಂತೆ.

"ಅಕ್ಕಾ, ನಿಮ್ಮ ಫೋನ್ ಕೊಡ್ರಿ, ನಿಮ್ಮದು ನಿಮ್ಮ ನಂಬರಿಗೇ ಹಾಕ್ತೀನಿ," ಎಂದಳು ಅರ್ಚನಾ.

"ನನಗೇನೂ ಬ್ಯಾಡ," ಎಂದಳು ರಾಜೇಶ್ವರಿ. ಅವತ್ತು ಅವಳು ರೊಟ್ಟಿ ಬಡಿದ ಸಪ್ಪಳ ನಾಲ್ಕು ಮನೆಗೆ ಕೇಳಿಸಿತು.

ಮರುದಿನ ಅರ್ಚನಾ ಹೊರಗೆ ಹೋದದ್ದೇ ತಡ, ರಾಜೇಶ್ವರಿ ಸುಂದ್ರವ್ವನ ಕಾಲು ಒತ್ತುತ್ತ ಮೆಲ್ಲಗೆ ಶುರು ಮಾಡಿದಳು. "ಅವ್ವಾ, ಮಹಾರಾಷ್ಟ್ರದ ಕಡೆ ನಮ್ಮಂಥಾಕಿ ಒಬ್ಬಾಕಿ ಸೂಜಿ ಮಾಡಿಸ್ಕೊಂಡು ಎಂಟ ದಿನಕ್ಕ ತೀರಿಕೊಂಡಳಂತ. ಆಕಿಗೂ ಸಕ್ರಿ ಇತ್ತಂತ."

ಅಂಥವಳು ಯಾರೂ ಇರಲಿಲ್ಲ. ರಾಜೇಶ್ವರಿಯೇ ಅವಳನ್ನು ಹುಟ್ಟಿಸಿ, ಸಕ್ಕರೆ ಕಾಯಿಲೆ ಕೊಟ್ಟು, ಎಂಟು ದಿನದಲ್ಲಿ ಸಾಯಿಸಿದ್ದಳು. ಅರ್ಚನಾಳ ಮುಖ ಸಣ್ಣದಾಗುವುದನ್ನು ಒಮ್ಮೆ ನೋಡಬೇಕಿತ್ತು, ಅಷ್ಟೇ.

ಮುಖವೇನೋ ಸಣ್ಣದಾಯಿತು. ಸುಂದ್ರವ್ವ ಒಲ್ಲೆ ಅಂದಳು. ಸುಂದ್ರವ್ವ ಒಲ್ಲೆ ಅಂದದ್ದಕ್ಕೆ ಬಾಗೇವಾಡಿಯ ಅಕ್ಕವ್ವನೂ ಒಲ್ಲೆ ಅಂದಳು. ಅರ್ಚನಾ ನಾಲ್ಕು ದಿನ ಹೇಳಿ ಹೇಳಿ ಸೋತಳು. ರಾಜೇಶ್ವರಿ ಆ ನಾಲ್ಕೂ ದಿನ ಗಡದ್ದಾಗಿ ಉಂಡಳು.

ಲಸಿಕೆಯ ದಿನ ಮಧ್ಯಾಹ್ನ ಅರ್ಚನಾ ಶಾಲೆಯಿಂದ ಅಳುತ್ತ ಓಡಿಬಂದಳು. "ನಾಲ್ಕಕ್ಕ ಗಾಡಿ ವಾಪಸ್ ಹೊಂಟೈತ್ರಿ ಅಕ್ಕಾ. ಮತ್ತ ಯಾವಾಗ ಬರ್ತಾರೋ ಗೊತ್ತಿಲ್ಲ. ಅವ್ವ ನಿಮ್ಮ ಮಾತು ಬಿಟ್ಟು ಬ್ಯಾರೆಯವರ ಮಾತು ಕೇಳಂಗಿಲ್ಲ. ಆಕಿಗೇನರ ಆದ್ರ ನಾ ಎಲ್ಲಿ ಹೋಗ್ಲಿ? ನೀವ ಒಂದ ಮಾತು ಹೇಳ್ರಿ."

ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಇದೇ. ಕೇಳಿದ ಮೇಲೆ ಮಾತ್ರ ರಾಜೇಶ್ವರಿಯ ಕಿವಿಯಲ್ಲಿ ಉಳಿದದ್ದು ಅದರ ಮುಂದಿನ ಮಾತು. ಅವ್ವನಿಗೆ ಏನಾದರೂ ಆದರೆ ತಾನಾದರೂ ಎಲ್ಲಿ ಹೋಗಬೇಕು? ಅವಳು ಒಳಗೆ ಹೋಗಿ, "ಏಳ ಅವ್ವಾ, ಹೋಗೂಣು. ಏನೂ ಆಗಂಗಿಲ್ಲ," ಎಂದಳು.

"ಈಕಿ ಅತ್ತಳಂತ ಮಾತು ತಿರಗಸಬ್ಯಾಡ ರಾಜಿ," ಎಂದಳು ಸುಂದ್ರವ್ವ ಹಾಸಿಗೆಯಲ್ಲೇ ಕೂತು. "ನನ್ನ ಜೀವದ ಕಾಳಜಿ ನಿನ್ನಷ್ಟು ಯಾರಿಗೈತಿ? ಈಕಿ ನಿನ್ನೆ ಬಂದಾಕಿ. ನೀ ನನಗ ಒಂದ ದಿನ ಸುಳ್ಳು ಹೇಳಿದಾಕಿ ಅಲ್ಲ."

ಬಾಗಿಲಲ್ಲಿ ನಿಂತ ಅರ್ಚನಾ ತಲೆ ತಗ್ಗಿಸಿದಳು. ರಾಜೇಶ್ವರಿ ಗೆದ್ದಿದ್ದಳು. ಬಾಯಿ ಮುಚ್ಚಿಕೊಂಡು ಇನ್ನೆರಡು ತಾಸು ಕೂತರೆ ಗಾಡಿ ಹೋಗುತ್ತಿತ್ತು, ಗೆಲುವು ಗೆಲುವಾಗಿಯೇ ಉಳಿಯುತ್ತಿತ್ತು. ಅವ್ವನ ಜೀವ ಉಳಿಯುವ ಖಾತ್ರಿ ಮಾತ್ರ ಇರಲಿಲ್ಲ.

"ಅದ ಸುಳ್ಳು," ಎಂದಳು. "ಯಾರೂ ಸತ್ತಿಲ್ಲ. ಆ ಫೋನಿನ್ಯಾಗ ನನ್ನ ಹೆಸರು ಇರಲಿಲ್ಲ. ಹೊಟ್ಟಿ ಉರದು ನಾನ ಹುಟ್ಟಿಸಿ ಹೇಳೇನಿ."

ಸುಂದ್ರವ್ವ ಹೊದಿಕೆ ಸರಿಸಿ ಕಾಲು ಕೆಳಗಿಳಿಸಿದಳು.

"ನಿನ್ನ ಹೆಸರು ಬ್ಯಾಡಂದಾಕಿ ನಾನ," ಎಂದಳು. "ಅಕ್ಕವ್ವಗ ಫೋನಿಲ್ಲ, ಸುಮನ್‌ಗೂ ಇಲ್ಲ. ರಾಜಿ ಮನಿ ಮಗಳು, ಆಕಿದು ಹಿಂದಿಂದ ಹಾಕಿದರಾತು ಅಂದಿದ್ದೆ." ಆಮೇಲೆ ಬಾಗಿಲ ಕಡೆ ತಿರುಗಿ, "ಅರ್ಚನಾ, ಅಕ್ಕವ್ವಗ ಫೋನ್ ಹಚ್ಚಿ ಕೊಡು. ಗಾಡಿ ಮಾಡ್ಕೊಂಡು ಬಾ ಅಂತ ನಾನ ಹೇಳ್ತೀನಿ," ಎಂದಳು.

ಅವ್ವ, ಅರ್ಚನಾ ಇಬ್ಬರೂ ಶಾಲೆಯ ದಾರಿ ಹಿಡಿದರು. ಯಾರೂ ಕರೆಯದಿದ್ದರೂ ರಾಜೇಶ್ವರಿ ಹತ್ತು ಹೆಜ್ಜೆ ಹಿಂದೆ ಹೋದಳು. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ನರ್ಸ್ ನೇತ್ರಾ ಸುಂದ್ರವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಸೂಜಿ ಮಾಡಿ, ತೋಳಿಗೆ ಹತ್ತಿ ಒತ್ತಿದಳು.

"ಜ್ವರ ಬರಬಹುದ್ರಿ ಅಮ್ಮಾ. ಬಾಜೂಕ ಇದ್ದು ನೋಡ್ಕೊಳ್ಳಾಕ ಮನ್ಯಾಗ ಯಾರದಾರ್ರಿ?"

ಈ ಹದಿನೆಂಟು ವರ್ಷದಲ್ಲಿ ಅವ್ವನಿಗೆ ಜ್ವರ ಬಂದಾಗೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ರಾಜೇಶ್ವರಿ. ಅವಳು ಆಗಲೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದಳು.

"ಈಕಿ," ಎಂದು ಸುಂದ್ರವ್ವ ಅರ್ಚನಾಳ ಕೈ ಹಿಡಿದಳು.

ಹೊಟ್ಟೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಈ ಸಲ ಬೈಯಲು ರಾಜೇಶ್ವರಿಗೆ ತಾನಲ್ಲದೆ ಯಾರೂ ಸಿಗಲಿಲ್ಲ. ಅವ್ವನ ತೋಳಿನ ಹತ್ತಿಯನ್ನೇ ನೋಡುತ್ತ ನಿಂತಳು. ಅಷ್ಟಾದರೂ ಆಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು.

ನೇತ್ರಾ ಇವಳ ಕಡೆ ಕೈ ತೋರಿಸಿ, "ಇವರೂ ನಿಮ್ಮ ಜೋಡಿ ಬಂದವ್ರನ್ರಿ?" ಎಂದು ಕೇಳಿದಳು.

ಸುಂದ್ರವ್ವ ತಿರುಗಿ ನೋಡಲಿಲ್ಲ. "ಆಕಿಗೂ ಸೂಜಿ ಮಾಡ್ರಿ," ಎಂದಳು. "ಆಕಿ ಒಬ್ಬಾಕಿನ ಬಂದಾಳ."