ಮೂವರದೊಂದು ಫೋಟೋ

ತಾಯಿಯಿಲ್ಲದ ನನ್ನನ್ನು ಸಾಕಿದವರು ಇಬ್ಬರು: ಮುಖ ಮುಚ್ಚದೆ ಹೊಸಿಲು ದಾಟದ ಸೋದರತ್ತೆ, ತಲೆಯ ಮೇಲೆ ದುಪಟ್ಟಾವನ್ನೂ ನಿಲ್ಲಿಸದ ಅಕ್ಕ. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ನಾನು ಬಟ್ಟೆ ಹೊಲಿಯುವವಳು. ಏನೇನೋ ಜೋಡಿಸಿದ್ದೇನೆ, ಇವರಿಬ್ಬರನ್ನು ಮಾತ್ರ ಜೋಡಿಸಲಾಗಿರಲಿಲ್ಲ.

ಮದುವೆಯಾಗಿ ದೂರ ಹೋಗುವ ಮುಂಚೆ ನನಗೆ ಮೂವರದೊಂದು ಫೋಟೋ ಬೇಕಿತ್ತು. ಕಪ್ಪು ಪರದೆಯ ಪಕ್ಕ ತಾನು ನಿಲ್ಲುವುದಿಲ್ಲ ಎಂದಳು ಅಕ್ಕ. ತಲೆ ಮುಚ್ಚದವಳ ಪಕ್ಕ ತಾನೂ ನಿಲ್ಲುವುದಿಲ್ಲ ಎಂದರು ಅತ್ತೆ. ನಾನು ಎರಡು ದಿನ ಊಟ ಬಿಟ್ಟೆ. ಬಿಟ್ಟೆನೆಂದು ಹೇಳಿದೆ, ನನ್ನ ಹೊಲಿಗೆ ಅಂಗಡಿಯಲ್ಲಿ ಬಾಳೆಹಣ್ಣಿತ್ತು.

ಮೂರನೆಯ ದಿನ ಅಕ್ಕ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿದಳು. ಫೋಟೋದ ಮಟ್ಟಿಗೆ ತನಗೊಂದು ಬುರ್ಖಾ ಬೇಕಂತೆ, ಅತ್ತೆಗೆ ಹೇಳಕೂಡದಂತೆ. ಸಂಜೆ ಅತ್ತೆ ಬಂದು ಗುಲಾಬಿ ಸ್ಕಾರ್ಫ್ ಕೇಳಿದರು. ಆ ಒಂದು ದಿನ ಮುಖ ತೆರೆಯುತ್ತಾರಂತೆ, ಅಕ್ಕನಿಗೆ ಹೇಳಕೂಡದಂತೆ. ನನಗೆ ಹೊಟ್ಟೆಯೊಳಗೇ ನಗು ಕುಣಿಯಿತು. ಹೇಳಬಹುದಿತ್ತು. ಯಾಕೆ ಹೇಳಲಿ, ಹತ್ತು ವರ್ಷ ನನ್ನ ತಲೆ ತಿಂದವರು! ಆ ಖುಷಿಯಲ್ಲಿ ಕೈ ತಪ್ಪಿ, ಅಕ್ಕನ ಬುರ್ಖಾವನ್ನು ನನಗೆ ಬಾಯಿಪಾಠವಾಗಿದ್ದ ಅತ್ತೆಯ ಅಳತೆಗೇ ಕತ್ತರಿಸಿಬಿಟ್ಟೆ.

ಸ್ಟುಡಿಯೋಕ್ಕೆ ಅಕ್ಕ ಮೊದಲು ಬಂದು, ಬುರ್ಖಾ ತೊಟ್ಟು ಮುಖಕ್ಕೆ ನಕಾಬು ಹಾಕಿಕೊಂಡು ಕುಳಿತಳು. ಫೋಟೋದವರು ಅತ್ತೆಯೆಂದೇ ತಿಳಿದು ಅವಳ ಮಂಡಿನೋವು ವಿಚಾರಿಸಿದರು. ಅಷ್ಟರಲ್ಲಿ ಗುಲಾಬಿ ಸ್ಕಾರ್ಫಿನ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಒಳಬಂದವರು, ಕುರ್ಚಿಯಲ್ಲಿ ತಮ್ಮನ್ನೇ ಕಂಡಂತಾಗಿ ನಿಂತುಬಿಟ್ಟರು.

"ಅತ್ತೆ, ನೀವ್ಯಾಕೆ ತೆಗೆದ್ರಿ?" ಎಂದಿತು ಬುರ್ಖಾ.

"ನೀನ್ಯಾಕೆ ಹಾಕ್ಕೊಂಡೆ?"

ನಾನು ನಕ್ಕು ನಕ್ಕು ನೆಲಕ್ಕೆ ಕುಳಿತೆ. ಇಬ್ಬರೂ ಒಟ್ಟಿಗೆ ನನಗೆ ಬೈದರು, ಬೈಯುತ್ತಲೇ ನಕ್ಕರು. ಕನ್ನಡಿ ಕೋಣೆಗೆ ಹೋಗಿ ಅಕ್ಕ ಬುರ್ಖಾ ಕಳಚಿದಳು, ಅತ್ತೆ ಅದನ್ನು ತೊಟ್ಟರು. ನನ್ನ ತಪ್ಪು ಅಳತೆ ಅತ್ತೆಗೆ ಸರಿಯಾಗಿ ಕೂತಿತು. ಅವರ ನಕಾಬಿಗೆ ಪಿನ್ನು ಹಾಕಿದವಳು ಅಕ್ಕ. ಅಕ್ಕನ ಕೆದರಿದ ಕೂದಲು ಬಾಚಿದವರು ಅತ್ತೆ. ನೋಡುತ್ತ ನನಗೆ ಅಳುವೇ ಬಂತು.

ಫೋಟೋದವರು ಕ್ಯಾಮೆರಾದಿಂದ ತಲೆಯೆತ್ತಿ, ಇವರ ಮುಖ ಕಾಣುವುದಿಲ್ಲವಲ್ಲ ಎಂದರು.

ಅಕ್ಕ ಅತ್ತೆಯ ತೋಳು ಹಿಡಿದುಕೊಂಡಳು.

"ನಮ್ಮತ್ತೆ ನಮಗೆ ಕಾಣ್ತಿದಾರೆ. ನೀವು ತೆಗೀರಿ."