ಕೈ ಪಳಗಿಸಿಕೊಳ್ಳುವ ಪ್ರವಾಸ

ಲೆನೋರ್ ಹ್ಯಾಸ್ಕೆಟ್ ಪಾಠ ಹೇಳಲು ಬರುವ ಮುಂಚೆ ಬಹಳ ಕಾಲ ಸೂಲಗಿತ್ತಿಯಾಗಿ ದುಡಿದವಳು. ಇಂಡಿಯಾನಾದ ಜೋಳದ ಹೊಲಗಳ ನಡುವಿನ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರೊಫೆಸರ್ ಆದ ಮೇಲೂ, ಯಾರ ಮೈ ಮುಟ್ಟುವ ಮೊದಲೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು "ಮುಟ್ಟಲಾ?" ಎಂದು ಕೇಳುವ ಅಭ್ಯಾಸ ಅವಳಿಗೆ ತಪ್ಪಿರಲಿಲ್ಲ. ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಅವಳು ಹೇಳುತ್ತಿದ್ದ ಮೊದಲ ಪಾಠವೂ ಅದೇ.

ತನ್ನ ವಿದ್ಯಾರ್ಥಿಗಳಲ್ಲಿ ಹತ್ತು ಹನ್ನೆರಡು ಜನರನ್ನು ಬೇಸಿಗೆಯಲ್ಲಿ ಗ್ವಾಟೆಮಾಲಾಕ್ಕೆ ಕರೆದೊಯ್ಯಬೇಕೆಂಬುದು ಅವಳ ಆಸೆ. ಮೂರು ವಾರ ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ಸೂಲಗಿತ್ತಿಯರ ಜೊತೆ ಕೂತು, ಅವರು ಹೇಳುವುದನ್ನು ಕೇಳಿಸಿಕೊಂಡು ಬರುವುದು. ಅಷ್ಟೇ. ಆದರೆ ವಿದೇಶ ಪ್ರವಾಸಗಳ ಉಸ್ತುವಾರಿ ಹೊತ್ತಿದ್ದ ಸಹಾಯಕ ಡೀನ್ ಗ್ರಾಂಟ್ ವೆಕ್ಸ್ಲರ್‌ಗೆ ಅದು ಹಿಡಿಸಲಿಲ್ಲ.

"ಬರೀ ನೋಡೋಕೆ ಅಂತ ಯಾರು ಬರ್ತಾರೆ ಲೆನೋರ್? ಮಕ್ಕಳಿಗೆ ಕೈಗೊಂದು ಕೆಲಸ ಬೇಕು. ಮೆಡಿಕಲ್ ಸೇರೋರಿಗೆ ಹೇಳ್ಕೊಳ್ಳೋಕೆ ಏನಾದ್ರೂ ಇರ್ಬೇಕಲ್ವಾ?"

"ಕೇಳಿಸ್ಕೊಳ್ಳೋದೂ ಕೆಲಸಾನೇ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಫೋಟೋದಲ್ಲಿ ಕಾಣಲ್ವಲ್ಲ!" ಎಂದು ನಕ್ಕ ವೆಕ್ಸ್ಲರ್, ಇಂಥ ಪ್ರವಾಸಗಳನ್ನೇ ಮಾರುವ ಒಂದು ಕಂಪನಿಯನ್ನು ಗೊತ್ತು ಮಾಡಿದ.

ಮಾರ್ಚ್ ರಜೆಯಲ್ಲಿ ಇಬ್ಬರೂ ಜಾಗ ನೋಡಲು ಹೊರಟರು. ವಿಮಾನ ನಿಲ್ದಾಣದಲ್ಲಿ ಎದುರುಗೊಂಡವನು ಕಂಪನಿಯ ಏಜೆಂಟ್ ಬ್ರೈಸ್ ಓಕ್ಮನ್. ಬಿಸಿಲಿಗೆ ಕೆಂಪಾದ ಮುಖ, ಮಾತುಮಾತಿಗೂ ಬೆನ್ನು ತಟ್ಟುವ ಕೈ. ಮೊದಲೆರಡು ದಿನ ಹೋಟೆಲು ನೋಡುವುದರಲ್ಲೇ ಕಳೆಯಿತು. ವೆಕ್ಸ್ಲರ್ ದಿಂಬು ಒತ್ತಿ ನೋಡಿದ, ಈಜುಕೊಳಕ್ಕೆ ಕಾಲಿಳಿಬಿಟ್ಟ, ಕಿಟಕಿಯಿಂದ ಜ್ವಾಲಾಮುಖಿ ಕಾಣದ ಕೋಣೆಗಳು ಬೇಡವೆಂದ. ಮಕ್ಕಳು ಕೆಲಸ ಮಾಡಲಿರುವ ಕ್ಲಿನಿಕ್ ನೋಡುವುದು ಯಾವಾಗ ಎಂದು ಲೆನೋರ್ ಕೇಳಿದಾಗಲೆಲ್ಲ ಬ್ರೈಸ್, "ಹೋಗೋಣ ಪ್ರೊಫೆಸರ್, ಅದೆಲ್ಲಿ ಓಡಿಹೋಗತ್ತೆ?" ಎನ್ನುತ್ತಿದ್ದ.

ಕೊನೆಗೂ ಹೋದರು. ಚರ್ಚಿನ ಹಿಂದೆ ತಗಡಿನ ಮಾಡಿನ ಎರಡು ಕೋಣೆ. ಹೊರಗೆ ಬೆಂಚುಗಳ ಮೇಲೆ ಬೆಳಗಿನಿಂದ ಕಾದು ಕೂತ ಬಸುರಿಯರು. ಒಳಗೆ ಬೇರೆ ಯಾವುದೋ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ಮೈಮೇಲೆ ಇಸ್ತ್ರಿ ಮಾಸದ ನೀಲಿ ಆಸ್ಪತ್ರೆ ಉಡುಪು, ಕೊರಳಲ್ಲಿ ಹೊಸ ಸ್ಟೆತಾಸ್ಕೋಪು, ಕೈಯಲ್ಲಿ ಫೋನು.

"ಬನ್ನಿ, ನಿಜವಾದ ಅನುಭವ ಅಂದ್ರೆ ಏನು ಅಂತ ತೋರಿಸ್ತೀನಿ" ಎಂದು ಬ್ರೈಸ್ ಪರದೆ ಸರಿಸಿದ.

ಮೇಜಿನ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ತುಂಬಿದ ಹೊಟ್ಟೆ, ಮಡಚಿದ ಮೊಣಕಾಲು, ಮೇಲೆ ಒಂದು ಹೊದಿಕೆಯೂ ಇಲ್ಲ. ಕಾಲ ಬಳಿ ಕೈಗವಸು ಹಾಕಿಕೊಂಡ ಹುಡುಗನೊಬ್ಬ ಒಳಪರೀಕ್ಷೆಗೆ ಸಿದ್ಧನಾಗಿ ನಿಂತಿದ್ದ. ಸುತ್ತ ನಾಲ್ವರು ಕತ್ತು ಚಾಚಿ ನೋಡುತ್ತಿದ್ದರು. ಒಬ್ಬಳು ಚ್ಯೂಯಿಂಗ್ ಗಮ್ ಅಗಿಯುತ್ತಿದ್ದಳು.

"ಏನು ಓದ್ತಿದ್ದೀಯಪ್ಪ ನೀನು?" ಎಂದಳು ಲೆನೋರ್.

"ಜೀವಶಾಸ್ತ್ರ, ಮೇಡಂ. ಎರಡನೇ ವರ್ಷ."

"ನಮ್ಮ ದೇಶದಲ್ಲಿ ಯಾವತ್ತಾದ್ರೂ ಇದನ್ನ ಮಾಡಿದ್ದೀಯಾ?"

"ಅಲ್ಲಿ ಬಿಡಲ್ಲ ಅಲ್ವಾ?" ಹುಡುಗ ಮುಗುಳ್ನಕ್ಕ. "ಅದಕ್ಕೇ ಇಲ್ಲಿಗೆ ಬಂದಿದ್ದು."

ಲೆನೋರ್ ಹೆಂಗಸಿನ ತಲೆಯ ಬಳಿ ಹೋಗಿ ಬಾಗಿ ಸ್ಪಾನಿಷ್‌ನಲ್ಲಿ ಕೇಳಿದಳು. "ಇವರೆಲ್ಲ ಯಾರು ಅಂತ ನಿಮಗೆ ಹೇಳಿದ್ದಾರಾ ಅಮ್ಮ?"

"ದೊಡ್ಡ ಡಾಕ್ಟ್ರಂತೆ. ಅಮೆರಿಕದೋರು." ಹೆಂಗಸು ಅವಳ ತೋಳು ಹಿಡಿದುಕೊಂಡಳು. "ಆಗಲೇ ಇಬ್ರು ಕೈಹಾಕಿ ನೋಡಿದ್ರು. ಈಗ ಮೂರ್ನೆಯವ್ರು. ಯಾರೂ ಏನೂ ಹೇಳ್ತಿಲ್ಲ. ನಿಜ ಹೇಳಿ ತಾಯಿ, ನನ್ನ ಮಗು ಸತ್ತಿದೆಯಾ?"

ಲೆನೋರ್‌ಗೆ ಅರ್ಥವಾಯಿತು. ಇಷ್ಟು ಜನ ಮುಟ್ಟಿ ನೋಡುತ್ತಿದ್ದಾರೆಂದರೆ ಮಗುವಿಗೇನೋ ಆಗಿರಬೇಕು ಎಂದು ಆ ಜೀವ ಅಷ್ಟೂ ಹೊತ್ತು ಒಳಗೊಳಗೇ ಬೇಯುತ್ತಿತ್ತು. ಇವರೋ, ಸರದಿಯಲ್ಲಿ ನಿಂತು ಕೈ ಪಳಗಿಸಿಕೊಳ್ಳುತ್ತಿದ್ದರು.

"ಹೊರಗೆ ನಡೀರಿ. ಎಲ್ಲರೂ."

"ಪ್ರೊಫೆಸರ್, ಅವರು ನಮ್ಮ ಅತಿಥಿಗಳು..." ಎಂದು ಬ್ರೈಸ್ ಅಡ್ಡ ಬಂದ.

"ನೀನೂ ನಡಿ."

ಹೊರಗೆ ಅತಿಥಿಗಳಿಗೆ ಹಣ್ಣಿನ ರಸ ಹಂಚುತ್ತಿದ್ದ ಅಲ್ಲಿನ ನರ್ಸ್ ಇರ್ಮಾಳನ್ನು ಲೆನೋರ್ ಕರೆದು ತಂದಳು. ಇರ್ಮಾ ಹೆಂಗಸಿನ ಮೇಲೆ ಬಟ್ಟೆ ಹೊದಿಸಿ, ಹೊಟ್ಟೆಗೆ ಕಿವಿಗೊಟ್ಟು, ಅವರಿಬ್ಬರ ಬೆಟ್ಟದ ಭಾಷೆಯಲ್ಲಿ ಏನೋ ಹೇಳಿದಳು. ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮಗುವಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ವೆಕ್ಸ್ಲರ್ ಮಾವಿನ ಹೋಳನ್ನು ಬಾಯಿಗಿಟ್ಟುಕೊಳ್ಳುತ್ತ ತನ್ನ ಫೋನನ್ನು ಅವಳತ್ತ ತಳ್ಳಿದ. ಪರದೆ ಸರಿದ ಕ್ಷಣದಲ್ಲಿ ತೆಗೆದ ಚಿತ್ರ. ಕೈಗವಸಿನ ಹುಡುಗನ ಗಂಭೀರ ಮುಖ, ಪಕ್ಕದಲ್ಲಿ ಆ ಹೆಂಗಸಿನ ಬರಿಯ ಮೊಣಕಾಲು.

"ಮೊಣಕಾಲು ಕತ್ತರಿಸಿದ್ರೆ ಪ್ರವಾಸದ ಕರಪತ್ರದ ಮುಖಪುಟಕ್ಕೆ ಹೇಳಿ ಮಾಡಿಸಿದಂಗಿದೆ."

"ಅಳಿಸಿ ಅದನ್ನ."

"ನೋಡಿ, ನಿಮಗೆ ಬೇಜಾರಾಗಿದೆ, ಒಪ್ತೀನಿ. ಆದ್ರೆ ಇವರಿಗೆ ಏನೂ ಸಿಗದೇ ಇರೋದಕ್ಕಿಂತ ಇದು ವಾಸಿ ಅಲ್ವಾ?"

"ನಿಮ್ಮ ಮಗಳನ್ನ ಆ ಮೇಜಿನ ಮೇಲೆ ಮಲಗಿಸ್ತೀರಾ ಗ್ರಾಂಟ್?"

"ಅದು ಬೇರೆ ವಿಷಯ."

"ಹೇಗೆ ಬೇರೆ?"

ಅವನು ವೇಟರನ್ನು ಕರೆದು ಇನ್ನಷ್ಟು ನಿಂಬೆ ತರಲು ಹೇಳಿದ. ಅವನ ಗಡ್ಡದ ಮೇಲೆ ಮಾವಿನ ರಸ ಇಳಿದಿತ್ತು. ಲೆನೋರ್ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು.

ಊರಿಗೆ ಬಂದು, ಪ್ರವಾಸಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಕಂಡದ್ದನ್ನೆಲ್ಲ ಹೇಳಿದಳು. ಬೇಗಲ್ ಬ್ರೆಡ್ಡಿನ ಮೇಲೆ ಚೀಸ್ ಸವರಿಕೊಳ್ಳುತ್ತಲೇ ಎಲ್ಲರೂ ಅಯ್ಯೋ ಪಾಪ ಎಂದರು. ಆಮೇಲೆ ವಿಮೆಯ ಮಾತು ಬಂತು; ವಿದ್ಯಾರ್ಥಿಗೆ ಹೊಟ್ಟೆ ಕೆಟ್ಟರೆ, ಕಾಲು ಮುರಿದರೆ, ಫೋನು ಕಳೆದರೆ ಏನು ಎಂದು ವಿವರವಾಗಿ ಚರ್ಚೆಯಾಯಿತು. ಮೇಜಿನ ಮೇಲೆ ಮಲಗುವವಳಿಗೆ ಏನಾದರೂ ಆದರೆ ಎಂದು ಅವಳು ಕೇಳಿದ್ದಕ್ಕೆ ಕಾನೂನು ವಿಭಾಗದವನು, "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದ. ಲೆನೋರ್ ತಾನು ಹೋಗುವುದಿಲ್ಲವೆಂದಳು. ವೆಕ್ಸ್ಲರ್ ಬೇಸರಪಟ್ಟುಕೊಳ್ಳಲೂ ಇಲ್ಲ. ಸ್ಪಾನಿಷ್‌ನ ಒಂದಕ್ಷರ ಬಾರದ ವ್ಯಾಯಾಮ ವಿಭಾಗದ ಮೇಷ್ಟ್ರೊಬ್ಬನನ್ನು ಅವಳ ಬದಲಿಗೆ ಆಗಲೇ ಒಪ್ಪಿಸಿದ್ದ.

ಪ್ರವಾಸದ ಮಾಹಿತಿ ಸಭೆಗೆ ಯಾರೂ ಕರೆಯದಿದ್ದರೂ ಅವಳು ಹೋದಳು. ಪಿಟ್ಜಾ ತಿನ್ನುತ್ತಿದ್ದ ಮಕ್ಕಳ ಮುಂದೆ ನಿಂತು, ಆ ಹೆಂಗಸು ಕೇಳಿದ ಮಾತನ್ನು ಹಾಗೇ ಒಪ್ಪಿಸಿದಳು. ಆಮೇಲೆ ಅವಳದೇ ತರಗತಿಯ ಜಾಣೆ ಕೆಂಡ್ರಾ ಬೋಲಿಕ್ ಕೈ ಎತ್ತಿದಳು.

"ಹಾಗಾದ್ರೆ ನಾವು ಏನೂ ಮುಟ್ಟಬಾರದಾ ಪ್ರೊಫೆಸರ್? ಬೇರೆ ಕಾಲೇಜಿನೋರೆಲ್ಲ ಮಾಡ್ಕೊಂಡು ಬರ್ತಾರೆ, ನಾವು ಹಿಂದೆ ಬೀಳ್ಬೇಕಾ?"

ಕೆಂಡ್ರಾಳ ಜೊತೆ ಉಳಿದವರೂ ಹೆಸರು ಕೊಟ್ಟರು. ಜಾಗ ಸಾಲದೆ ಇನ್ನೊಂದು ತಂಡ ಮಾಡಬೇಕಾಯಿತು. ಆ ಬೇಸಿಗೆಯೆಲ್ಲ ಲೆನೋರ್‌ಗೆ ವಿಭಾಗದ ಮೆಟ್ಟಿಲು ಹತ್ತಲೂ ಮನಸ್ಸಾಗುತ್ತಿರಲಿಲ್ಲ. ಪ್ರವಾಸದ ಜಾಹೀರಾತೆಂದು ಗೋಡೆಗೋಡೆಗೂ ಕೈಗವಸಿನ ಆ ಹುಡುಗನ ಗಂಭೀರ ಮುಖ ಅಂಟಿಸಿದ್ದರು.

ಆಗಸ್ಟಿನಲ್ಲಿ ಕೆಂಡ್ರಾ ಅವಳ ಕೋಣೆಗೆ ಬಂದಳು. ಕೂರೆಂದರೂ ಕೂರಲಿಲ್ಲ.

"ನಾನೂ ಮಾಡ್ದೆ ಪ್ರೊಫೆಸರ್. ಇಬ್ಬರಿಗೆ. ಎರಡನೆಯವಳು ನನಗಿಂತ ಚಿಕ್ಕೋಳು, ನೋವಾಗಿ ಕೂಗಿದ್ಲು. ನಮ್ಮ ಮೇಷ್ಟ್ರು, 'ಪರವಾಗಿಲ್ಲ, ಮುಂದುವರಿಸು' ಅಂದ್ರು." ತುಟಿ ಕಚ್ಚಿಕೊಂಡಳು. "ನಾನು ಮುಂದುವರಿಸ್ದೆ."

ಲೆನೋರ್ ಅವಳನ್ನು ಸಮಾಧಾನ ಮಾಡಲಿಲ್ಲ. ಎದುರಿಗಿದ್ದ ಹುಡುಗಿಯ ಕೈ ನೋಡಿದರೂ ಹೇಸಿಗೆ ಆಗುತ್ತಿತ್ತು.

"ನನಗೆ ಹೇಳಿ ಏನು ಬಂತು? ಡೀನ್‌ಗಳಿಗೂ ಮೇಲಿನ ಪ್ರೊವೋಸ್ಟ್ ಮುಂದೆ ನಿಂತು ಹೇಳ್ತೀಯಾ?"

"ವೆಕ್ಸ್ಲರ್ ನನಗೆ ಬರೆದುಕೊಡ್ಬೇಕಾದ ಶಿಫಾರಸು ಪತ್ರ..."

"ಗೊತ್ತು. ಹೇಳ್ತೀಯಾ?"

ಕೆಂಡ್ರಾ ಹೇಳಿದಳು. ಅಳುತ್ತ, ತಡವರಿಸುತ್ತ, ತನ್ನ ಪಾಲಿನದನ್ನು ಮುಚ್ಚಿಡದೆ ಹೇಳಿದಳು. ಕಾರ್ಯಕ್ರಮ ನಿಂತಿತು. ಗೋಡೆಯ ಚಿತ್ರಗಳು ಇಳಿದವು. ವೆಕ್ಸ್ಲರ್‌ನನ್ನು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಹಾಕಿದರು. ಕೋಣೆ ಮೊದಲಿಗಿಂತ ದೊಡ್ಡದೇ ಸಿಕ್ಕಿತು.

ಲೆನೋರ್ ಕ್ಲಿನಿಕ್ಕಿಗೆ ಫೋನು ಮಾಡಿ, ಇನ್ನು ಮೇಲೆ ನಮ್ಮವರು ಬರುವುದಿಲ್ಲವೆಂದು ಇರ್ಮಾಳಿಗೆ ತಿಳಿಸಿದಳು.

"ಹೌದಾ? ನಿಮ್ಮೋರು ಬರದಿದ್ರೂ ನಮಗೆ ಗೊತ್ತೇ ಆಗಲ್ಲ ಸೆನ್ಯೋರಾ" ಎಂದಳು ಇರ್ಮಾ. "ಬ್ರೈಸ್ ಈ ಸಲ ಟೆಕ್ಸಾಸ್‌ನೋರನ್ನ ಕರ್ಕೊಂಡು ಬಂದಿದ್ದಾನೆ. ಎರಡು ಬಸ್ಸು. ಇರಿ, ಕೂಗ್ತಿದ್ದಾರೆ, ಕೈಗವಸು ಕೊಡ್ಬೇಕಂತೆ."