ಆದಿಲಕ್ಷ್ಮಮ್ಮನವರ ಹಸಿ ಬೆಣ್ಣೆ

ಆದಿಲಕ್ಷ್ಮಮ್ಮನವರು ಹಸಿಯಾದ ಯಾವ ಪದಾರ್ಥವನ್ನೂ ನಂಬುತ್ತಿರಲಿಲ್ಲ. ಅವರ ಮನೆಯಲ್ಲಿ ಕುದಿಯದ ನೀರು ಲೋಟಕ್ಕೆ ಇಳಿಯುತ್ತಿರಲಿಲ್ಲ. ಮೂರು ಸಲ ಉಕ್ಕದ ಹಾಲು ಒಲೆಯಿಂದ ಕೆಳಗೆ ಬರುತ್ತಿರಲಿಲ್ಲ. ಸೌತೆಕಾಯಿಯನ್ನು ಕೂಡ ಒಗ್ಗರಣೆಯಲ್ಲಿ ಒಮ್ಮೆ ಬಾಡಿಸಿದ ಮೇಲೆಯೇ ಕೋಸಂಬರಿಗೆ ಸೇರಿಸುತ್ತಿದ್ದರು. ಇಡೀ ಮಾಲೂರಿನಲ್ಲಿ ಬೆಂದ ಕೋಸಂಬರಿ ತಿಂದ ಬಾಡಿಗೆದಾರ ನಾನೊಬ್ಬನೇ ಇರಬೇಕು. ಊರಿನ ಸುದ್ದಿಗೂ ಇದೇ ಗತಿ. ಯಾರಾದರೂ ಏದುಸಿರು ಬಿಡುತ್ತ ಓಡಿಬಂದು ಏನನ್ನಾದರೂ ಹೇಳಿದರೆ ಪೂರ್ತಿ ಕೇಳಿ, "ಇರ್ಲಿ, ನಾಳೆ ನೋಡಾಣ" ಎಂದು ಒಳಗೆ ಹೋಗುತ್ತಿದ್ದರು. ಮರುದಿನವೂ ಆ ಸುದ್ದಿ ನಿಜವಾಗಿಯೇ ಉಳಿದಿದ್ದರೆ ಆಗ ಸಾವಕಾಶವಾಗಿ ನಗುವುದೋ ಅಳುವುದೋ ಆಗುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ನಾನು ಮಾಲೂರಿನ ಶಾಲೆಗೆ ಉಪಾಧ್ಯಾಯನಾಗಿ ಬಂದು ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ, ಊಟವೂ ಅಲ್ಲೇ. ಆಕೆ ನೀಳವಾದ, ಒಣಗಿದ ಮೈಕಟ್ಟಿನ ಹೆಂಗಸು. ನಡೆಯುವಾಗ ನೆಲ ಸುಡುತ್ತದೆಯೇನೋ ಎಂಬಂತೆ ಮೊದಲು ಬೆರಳನ್ನು ಊರಿ, ಅದು ಕ್ಷೇಮವೆಂದು ಖಾತ್ರಿಯಾದ ಮೇಲೆ ಹಿಮ್ಮಡಿಯನ್ನು ಇಳಿಸುತ್ತಿದ್ದರು. ಚಳಿಗಾಲದ ಮುಂಜಾವಿನಲ್ಲಿ ಗಂಡನ ಹಳೆಯ ಕಪ್ಪು ಕೋಟನ್ನು ಸೀರೆಯ ಮೇಲೆಯೇ ತೊಟ್ಟು, ತೋಳನ್ನು ಮೊಣಕೈವರೆಗೆ ಮಡಿಸಿ, ಮಜ್ಜಿಗೆ ಕಡೆಯಲು ಕೂತರೆ ಹಿಂದಿನಿಂದ ನೋಡಿದವರಿಗೆ ಯಾರೋ ಅಮಲ್ದಾರರು ಕಡೆಗೋಲು ಹಿಡಿದಂತೆ ತೋರುತ್ತಿತ್ತು. ಗಂಡ ಪೆದ್ದಪ್ಪನವರದು ಊರ ಹೊರಗೆ ಒಂದು ಇಟ್ಟಿಗೆ ಗೂಡು. ಅವರು ಮುಳಬಾಗಿಲ ಕಡೆಯವರು, ಮಾತಿನ ಮಧ್ಯೆ ತೆಲುಗು ತಾನಾಗಿಯೇ ಜಾರಿ ಬರುತ್ತಿತ್ತು.

ಬೆಣ್ಣೆ ಎಂಬುದು ಆದಿಲಕ್ಷ್ಮಮ್ಮನವರ ದೃಷ್ಟಿಯಲ್ಲಿ ಒಂದು ಪದಾರ್ಥವೇ ಅಲ್ಲ. ಮಜ್ಜಿಗೆಗೂ ತುಪ್ಪಕ್ಕೂ ನಡುವೆ ಅರ್ಧ ದಿನ ತಂಗುವ ಒಂದು ಅವಸ್ಥೆ, ಅಷ್ಟೆ. ಬೆಳಿಗ್ಗೆ ತೆಗೆದದ್ದು ಸಂಜೆಯೊಳಗೆ ಒಲೆ ಏರಲೇಬೇಕು. ಅದು ಕಾಯುವಾಗ ಪಾತ್ರೆಯ ಮುಂದೆ ತಲೆ ವಾರೆಮಾಡಿ ಕೂತು ಸದ್ದು ಕೇಳುತ್ತಿದ್ದರು. ನೀರಿನಂಶವೆಲ್ಲ ಚಟಚಟನೆ ಹಾರಿ, ಸದ್ದು ಪೂರ್ತಿ ಅಡಗಿದಾಗ ಒಂದೆಸಳು ನುಗ್ಗೆಸೊಪ್ಪನ್ನು ಹಾಕಿ, "ಇನ್ನ ಭಯ ಇಲ್ಲ" ಎನ್ನುತ್ತಿದ್ದರು. ತುಪ್ಪದಲ್ಲಿ ಭಯಪಡುವಂಥದ್ದು ಏನಿರುತ್ತದೆಯೋ ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ಕೇಳುವ ವಿನಯ ಆಗಿನ್ನೂ ನನ್ನಲ್ಲಿರಲಿಲ್ಲ.

ಆ ಮಾರ್ಗಶಿರದಲ್ಲಿ ಅವರ ಮಗಳು ಭಾರತಮ್ಮ ಐದು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಅಳಿಯ ಕದಿರೇಶ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ಹುಡುಗಿಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ಮುದ್ದೆ ನಿಲ್ಲಲಿಲ್ಲ, ಅನ್ನ ನಿಲ್ಲಲಿಲ್ಲ, ತಿಳಿಮಜ್ಜಿಗೆ ಮಾತ್ರ ಹೇಗೋ ಒಳಗಿರುತ್ತಿತ್ತು. ಕೈಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಳು. ಏನು ಬೇಕು ಹೇಳೇ ಎಂದು ತಾಯಿ ಗೋಗರೆದಾಗ ಆಕೆ ಕೇಳಿದ್ದು ಒಂದೇ, ಗಣಿಯ ಬೇಕರಿಯಲ್ಲಿ ಗಂಡ ಕೊಡಿಸಿದ್ದ ಪಪ್ಸು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ನೆರೆಹೊರೆಯವರು ಹೆದರಿಸಿದರು. ಆದಿಲಕ್ಷ್ಮಮ್ಮನವರಿಗೆ ಕಿವಿಯ ಚಿಂತೆ ಇರಲಿಲ್ಲ, ಜೀವದ್ದೇ ಚಿಂತೆಯಾಗಿತ್ತು.

"ಪಪ್ಸು ಅಂದ್ರೆ ಏನೇ?"

"ಮೇಲೆಲ್ಲ ಎಲೆ ಎಲೆ ಅಮ್ಮಾ. ಒಳಗೆ ಪಲ್ಯ. ಕಚ್ಚಿದ್ರೆ ಗಾಳಿ."

ತಾಯಿ ನನ್ನ ಮುಖ ನೋಡಿದರು. ಬೆಂಗಳೂರಿನಲ್ಲಿ ಎರಡು ಸಲ ಅದನ್ನು ತಿಂದಿದ್ದ ನಾನು ಪಂಡಿತನಂತೆ ವಿವರಿಸಹೊರಟೆ. ಅದು ತ್ರಿಕೋನಾಕಾರದ್ದು, ಅಲ್ಲ, ಚೌಕವೂ ಇರುತ್ತದೆ, ಕರಿದದ್ದಲ್ಲ, ಸುಟ್ಟದ್ದೂ ಅಲ್ಲ, ಸಿಹಿಯಲ್ಲ. ನನ್ನ ವಿವರಣೆ ಮುಗಿಯುವ ಹೊತ್ತಿಗೆ ನನಗೇ ಪಪ್ಸು ಎಂದರೇನೆಂಬುದು ಮರೆತುಹೋಗಿತ್ತು. ಅಷ್ಟರಲ್ಲಿ ಕದಿರೇಶ ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಿಸಿಕೊಂಡು ಒಂದು ಡಜನ್ ತಂದೇಬಿಟ್ಟ. ಮನೆ ಮುಟ್ಟುವಷ್ಟರಲ್ಲಿ ಅವು ತಣ್ಣಗಾಗಿ ಜೋಲುಬಿದ್ದಿದ್ದವು. ಭಾರತಮ್ಮ ಮೂಸಿ ನೋಡಿ ಹಿತ್ತಿಲಿಗೆ ಓಡಿದಳು. ಬಿಸಿಯಾಗಿದ್ದರೆ ಮಾತ್ರ ಅದು ಪಪ್ಸು ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಪಾಪ, ಆ ಅಳಿಯ ಬೇಕರಿಯವನನ್ನು ಕಾಡಿ ಬೇಡಿ, ಮಾಡುವ ಕ್ರಮವನ್ನು ಕಾರ್ಡಿನಲ್ಲಿ ಬರೆದು ಕಳಿಸಿದ. ಮೈದಾ ಕಲಸಬೇಕು, ಲಟ್ಟಿಸಿ ಬೆಣ್ಣೆ ಹಚ್ಚಬೇಕು, ಮಡಿಸಿ ತಂಪಿನಲ್ಲಿಡಬೇಕು, ಮತ್ತೆ ಲಟ್ಟಿಸಿ ಮತ್ತೆ ಮಡಿಸಬೇಕು, ಕೊನೆಗೆ ಪಲ್ಯ ತುಂಬಿ ಜೋರು ಕಾವಿನ ಗೂಡಿಗಿಡಬೇಕು. ಕಾರ್ಡನ್ನು ನಾನೇ ಓದಿ ಹೇಳಿದೆ.

ಆದಿಲಕ್ಷ್ಮಮ್ಮನವರು ಎಲ್ಲವನ್ನೂ ಅಕ್ಷರಶಃ ನಡೆಸಿದರು. ಬೆಂಗಳೂರಿನಿಂದ ಮೈದಾ ಬಂತು. ಹಿದುಕಿದ ಅವರೆಬೇಳೆಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಲ್ಯವಾಯಿತು. ಪೆದ್ದಪ್ಪನವರು ಹಿತ್ತಿಲಲ್ಲಿ ಸೊಟ್ಟ ಇಟ್ಟಿಗೆಗಳನ್ನೇ ಜೋಡಿಸಿ ಮೊಣಕಾಲೆತ್ತರದ ಪುಟ್ಟ ಗೂಡೊಂದನ್ನು ಕಟ್ಟಿದರು. ಇನ್ನು ಬೆಣ್ಣೆ. ಬೆಣ್ಣೆ ಎಂದು ಬರೆದಿದ್ದರೆ ಅದನ್ನು ಕಾಯಿಸಿಯೇ ಹಚ್ಚಬೇಕು ಎಂಬುದರಲ್ಲಿ ಅವರಿಗೆ ಅನುಮಾನವೇ ಬರಲಿಲ್ಲ. ಅದನ್ನೂ ಬಾಯಿಬಿಟ್ಟು ಹೇಳಬೇಕೆ? ಚಿರೋಟಿಗೆ ಮಾಡುವಂತೆ ಗಟ್ಟಿತುಪ್ಪಕ್ಕೆ ಅಕ್ಕಿಹಿಟ್ಟು ಕಲಸಿ ಪದರಪದರಕ್ಕೂ ಹಚ್ಚಿದರು. ಪಕ್ಕದಲ್ಲೇ ಕಾರ್ಡು ಹಿಡಿದು ನಿಂತಿದ್ದ ನನಗೂ ಏನೂ ಹೊಳೆಯಲಿಲ್ಲ. ನಾನೂ ಅಂಥ ಮನೆಯಲ್ಲೇ ಹುಟ್ಟಿ ಬೆಳೆದವನು.

ಗೂಡಿನಿಂದ ಹೊರಬಂದದ್ದು ಚಪ್ಪಟೆಯಾಗಿತ್ತು. ಒಂದು ಎಲೆಯೂ ಮೇಲೆದ್ದಿರಲಿಲ್ಲ.

"ಇದು ಚಿರೋಟಿ ಅಮ್ಮಾ," ಎಂದಳು ಭಾರತಮ್ಮ, ಒಂದು ಚೂರು ಮುರಿದು. "ಒಳಗೆ ಪಲ್ಯ ಬಿದ್ದಿರೋ ಚಿರೋಟಿ." ಆ ಚೂರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮುಂದಿನ ಹತ್ತು ದಿನ ಆ ಮನೆಯಲ್ಲಿ ನಡೆದ ತರ್ಕಗಳನ್ನು ನೆನೆದರೆ ಈಗಲೂ ನನ್ನ ತಲೆ ಗಿರ್ರೆನ್ನುತ್ತದೆ. ಪೆದ್ದಪ್ಪನವರ ಪ್ರಕಾರ ತಪ್ಪು ಬೆಂಕಿಯದು. ಗೂಡನ್ನು ಕೆಡವಿ ಬಾಯಿ ಕಿರಿದುಮಾಡಿ ಕಟ್ಟಿದರು, ಮತ್ತೆ ಕೆಡವಿ ಹಿರಿದುಮಾಡಿದರು. ನನ್ನ ಪ್ರಕಾರ ತಪ್ಪು ಮೈದಾದ್ದು. ನಾನು ಅದನ್ನು ಜರಡಿ ಹಿಡಿದು, ಬೆಳಕಿಗೆ ಹಿಡಿದು, ಕೊನೆಗೆ ನಾಲಗೆಯ ಮೇಲಿಟ್ಟು ಪರೀಕ್ಷಿಸಿ ಯಾವ ತೀರ್ಮಾನಕ್ಕೂ ಬರಲಿಲ್ಲ. ಆದಿಲಕ್ಷ್ಮಮ್ಮನವರು ತಪ್ಪು ತಮ್ಮದೇ ಎಂದುಕೊಂಡು ತುಪ್ಪವನ್ನು ಇನ್ನಷ್ಟು ಕಾಯಿಸಿ, ಇನ್ನಷ್ಟು ಶೋಧಿಸಿ, ಇನ್ನಷ್ಟು ನಿರ್ಮಲಗೊಳಿಸಿದರು. ಪದಾರ್ಥ ಶುದ್ಧವಾದಷ್ಟೂ ಪಪ್ಸು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಸೂಲಗಿತ್ತಿ ಮುತ್ಯಾಲಮ್ಮ ಬಂದು ಹುಡುಗಿಯ ಕಣ್ಣುರೆಪ್ಪೆ ಎತ್ತಿ ನೋಡಿ, "ರಕ್ತಾನೇ ಇಲ್ಲ. ಹಿಂಗೇ ಇನ್ನೊಂದು ವಾರ ಆದ್ರೆ ನನ್ನ ಕೈಲೇನೂ ಆಗಾಕಿಲ್ಲ ಕಣಮ್ಮೋ" ಎಂದು ಹೇಳಿಹೋದಳು. ಆ ಮಾತಿಗೆ ಮಾತ್ರ ಆದಿಲಕ್ಷ್ಮಮ್ಮನವರು ನಾಳೆ ನೋಡಾಣ ಎನ್ನಲಿಲ್ಲ.

ಗುಟ್ಟು ಒಡೆದದ್ದು ಪೆದ್ದಪ್ಪನವರಿಂದ. ನಾಲ್ಕನೆಯ ಸಲವೂ ಚಪ್ಪಟೆಯಾದ ಪಪ್ಸೊಂದನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಟಕಟಕ ಬಡಿದು, "ಇದೇಮಿ ಇದು, ಚೆನ್ನಾಗಿ ಒಣಗಿಸಿ ಸುಟ್ಟ ಇಟ್ಟಿಗೆ ಇದ್ದಂಗೈತಲ್ಲ" ಎಂದರು. "ಹಸಿ ಇಟ್ಟಿಗೆ ಗೂಡಿಗೆ ಹೋಗಿದ್ರೆ ಬಿಚ್ಕೊಳ್ಳೋದು ಮೇಷ್ಟ್ರೇ. ಒಳಗಿರೋ ನೀರು ಆವಿಯಾಗಿ, ದಾರಿ ಸಿಕ್ಕದೆ, ಇಟ್ಟಿಗೇನ ಪದರ ಪದರ ಎತ್ತಿಬಿಡ್ತದೆ. ನಮಗದು ನಷ್ಟ. ಇದರಾಗೆ ಎತ್ತಾಕೆ ನೀರೆಲ್ಲೈತೆ?"

ನಾನು ಓಡಿಹೋಗಿ ಕಾರ್ಡು ತಂದೆ. ಬೆಣ್ಣೆ ಎಂದೇ ಇತ್ತು. ತುಪ್ಪ ಎಂದು ಎಲ್ಲಿಯೂ ಇರಲಿಲ್ಲ. ಚಟಚಟನೆ ಹಾರಿಸಿ ಕಳೆಯುತ್ತಿದ್ದೆವಲ್ಲ, ಆ ನೀರೇ ಪಪ್ಸನ್ನು ಮೇಲೆತ್ತಬೇಕಾದ ಶಕ್ತಿ! ನಾನು ಸಂತೋಷದಿಂದ ಕೂಗಿದೆ. ಆದಿಲಕ್ಷ್ಮಮ್ಮನವರ ಮುಖ ಬೂದಿಯಾಯಿತು.

"ಹಸಿ ಬೆಣ್ಣೆ? ಬಸುರಿ ಹೊಟ್ಟೇಗೆ?" ಎಂದು ಅಷ್ಟೇ ಕೇಳಿ ಒಳಗೆ ಹೋದರು.

ಎರಡು ದಿನ ಅವರು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಸಮಾಧಾನ ಹೇಳಿದೆ: ಹಾಲು ಕಾಯಿಸಿದ್ದೇ, ಬೆಣ್ಣೆ ತೊಳೆದದ್ದೂ ಕಾದಾರಿದ ನೀರಿನಲ್ಲೇ, ಅದರ ಮೇಲೆ ಗೂಡಿನ ಬೆಂಕಿ. ಅವರು ತಲೆಯೆತ್ತದೆ, "ಒಳಗೆ ಏನಾಗ್ತದೆ ಅಂತ ನೋಡಿದೋರು ಯಾರು ಮೇಷ್ಟ್ರೇ?" ಎಂದರು. ವಿಜ್ಞಾನ ಪಾಠ ಮಾಡುವ ನಾನು ಕಾರ್ಡನ್ನು ಜೇಬಿಗಿಟ್ಟುಕೊಂಡು ಶಾಲೆಗೆ ಹೊರಟೆ.

ಮೂರನೆಯ ಮುಂಜಾನೆ ನಾನು ಮುಖ ತೊಳೆಯಲು ಹೋದಾಗ ಕಪ್ಪು ಕೋಟು ತೊಟ್ಟು ಬಾವಿಕಟ್ಟೆಯ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದರು. ಹಗ್ಗದ ತುದಿಯಲ್ಲಿ ಬಂದದ್ದು ಬಿಂದಿಗೆಯಲ್ಲ, ತಂಪಿಗೆಂದು ನೀರಿನ ಮೇಲೆ ತೂಗುಬಿಟ್ಟಿದ್ದ ಬೆಣ್ಣೆಯ ಗಡಿಗೆ. ಹಿಟ್ಟು ಲಟ್ಟಿಸಿ, ಬೆಣ್ಣೆ ಹಚ್ಚಿ, ಮಡಿಸಿ, ಒದ್ದೆಬಟ್ಟೆ ಮುಚ್ಚಿ ಕಾದು, ಮತ್ತೆ ಲಟ್ಟಿಸಿ, ಹತ್ತು ಗಂಟೆಯ ಹೊತ್ತಿಗೆ ಗೂಡಿಗಿಟ್ಟರು. ಪೆದ್ದಪ್ಪನವರು ತಗಡಿನ ಮುಚ್ಚಳ ಸರಿಸಿ, "ಸರಿಪೋಯಿಂದಿ! ಎದ್ದದೆ, ಎದ್ದದೆ!" ಎಂದು ಮಗುವಿನಂತೆ ಅರಚಿದರು. ಎಲೆ ಎಲೆಯಾಗಿ, ಹೊಂಬಣ್ಣಕ್ಕೆ ತಿರುಗಿ, ಉಬ್ಬಿ ನಿಂತಿದ್ದವು. ಭಾರತಮ್ಮ ಗೋಡೆ ಹಿಡಿದುಕೊಂಡು ಹಿತ್ತಿಲವರೆಗೂ ನಡೆದುಬಂದಳು. ತಿಂಗಳಿಂದ ಊಟವೆಂದರೆ ಮುಖ ತಿರುಗಿಸುತ್ತಿದ್ದ ಹುಡುಗಿ ಕೈ ಚಾಚಿದಳು.

ಆದಿಲಕ್ಷ್ಮಮ್ಮನವರು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಪಪ್ಸು ಎತ್ತಿಕೊಂಡು, ಒಗೆಯುವ ಕಲ್ಲಿನ ಮೇಲೆ ಕೂತು, ನಮ್ಮೆಲ್ಲರ ಕಣ್ಣೆದುರಿಗೆ ತಾವೇ ತಿಂದರು. ಉದುರಿದ ಚೂರುಗಳನ್ನು ಮಡಿಲಿನಿಂದ ಆಯ್ದು ಬಾಯಿಗೆ ಹಾಕಿಕೊಂಡರು. ಉಳಿದವನ್ನು ಒಯ್ದು ನೆಲುವಿನ ಮೇಲಿಟ್ಟು, "ನಾಳೆ" ಎಂದರು.

ಮನೆಯವರೆಲ್ಲ ಉಣ್ಣುವ ಮೊದಲು ಆಕೆ ಬಾಯಿಗೆ ಏನನ್ನಾದರೂ ಹಾಕಿಕೊಂಡದ್ದನ್ನು ನಾನು ಅಂದಿನವರೆಗೆ ಕಂಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಿಸಿಯಾಗಿದ್ದರೆ ಮಾತ್ರ ತಿನ್ನುವ ಹುಡುಗಿ, ಬಿಸಿಯಾಗಿ ಸಿಕ್ಕ ಪದಾರ್ಥ, ಮುತ್ಯಾಲಮ್ಮ ಕೊಟ್ಟ ಗಡುವು! ಏನೇನೋ ಕೂಗಾಡಿದೆ. ಭಾರತಮ್ಮ ಗೋಡೆಗೆ ಮುಖಮಾಡಿ ಮಲಗಿ, "ನೀನು ಅಮ್ಮಾನಾ?" ಎಂದು ಬಿಕ್ಕಿದಳು. ತಾಯಿ ಹೋಗಿ ಮಗಳ ಕಾಲ ಬಳಿ ಕೂತುಬಿಟ್ಟರು.

ನನ್ನನ್ನು ಹೊರಗೆ ಕರೆದೊಯ್ದವರು ಪೆದ್ದಪ್ಪನವರು. ಬೀಡಿ ಹಚ್ಚಲು ಹೋಗಿ ಹಚ್ಚದೆ, "ಭಾರತಿಗಿಂತ ಮುಂಚೆ ಒಂದಿತ್ತು ಮೇಷ್ಟ್ರೇ, ಆಂಜಿನಮ್ಮ ಅಂತ" ಎಂದರು. "ಶ್ರೀನಿವಾಸಪುರದಿಂದ ಗಾಡೀಲಿ ಬರ್ತಿದ್ವಿ. ಬೇಸಿಗೆ. ಮಗು ನೀರು ಅಂತು. ದಾರೀಲಿ ಒಂದು ಕುಂಟೆ ಇತ್ತು, ನಿಂತ ನೀರಿನ ಹೊಂಡ, ಇವಳೇ ಇಳಿದು ಬೊಗಸೇಲಿ ತಂದು ಕುಡಿಸಿದ್ಲು. ಮಾರನೇ ದಿನ ಅದೇ ಹೊತ್ತಿಗೆ ವಾಂತಿಭೇದಿ ಆಗಿ ಹೋಗಿಬಿಡ್ತು. ಅವತ್ತಿಂದ ಇವಳಿಗೆ ಏನೇ ಆಗ್ಲಿ ಒಂದು ದಿನ ಪೂರಾ ಕಳೀಬೇಕು."

ನನಗೆ ನಾಚಿಕೆಯಾಯಿತು. ಆದರೆ ಸಿಟ್ಟು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಬೆಂಕಿಯಲ್ಲಿ ಬೆಂದ ಬೆಣ್ಣೆಗೂ ಕುಂಟೆಯ ನೀರಿಗೂ ಏನು ಸಂಬಂಧ? ಆ ಒಂದು ದಿನದಲ್ಲಿ ಹುಡುಗಿಗೇ ಏನಾದರೂ ಆಗಿಬಿಟ್ಟಿದ್ದರೆ?

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಆದಿಲಕ್ಷ್ಮಮ್ಮನವರು ಎದ್ದು, ಮಿಂದು, ಹೊಸದಾಗಿ ಹಿಟ್ಟು ಕಲಸಿ, ಹೊಸ ಬೆಣ್ಣೆ ಹಚ್ಚಿ, ಗೂಡಿಗೆ ಬೆಂಕಿ ಹಾಕಿಸಿದರು. ಮಗಳು ಮೊದಲು ಮುಖ ತಿರುಗಿಸಿದಳು, ವಾಸನೆ ಬಂದ ಮೇಲೆ ಎದ್ದು ಕೂತಳು. ಒಂದು ತಿಂದಳು, ಇನ್ನೊಂದು ತಿಂದಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಹೊತ್ತು ಕಳೆಯಿತು, ಹಿತ್ತಿಲಿಗೆ ಓಡಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ಪೆದ್ದಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ತಾಯಿಯ ಮೇಲಿನ ಮುನಿಸು ಅಷ್ಟಕ್ಕೆ ಕರಗಿರಬೇಕು. ಭಾರತಮ್ಮ ಬಾಯಿ ತುಂಬಿಕೊಂಡೇ ಕೇಳಿದಳು: "ನಿನ್ನೆ ತಿಂದ್ಯಲ್ಲಮ್ಮಾ, ರುಚಿ ಹೆಂಗಿತ್ತು ನಿಂಗೆ?"

ಆದಿಲಕ್ಷ್ಮಮ್ಮನವರು ಗಲಿಬಿಲಿಗೊಂಡರು. ನೆನಪಿಸಿಕೊಳ್ಳಲು ಯತ್ನಿಸಿದರು. ಕೊನೆಗೆ, "ರುಚಿ ನೋಡ್ಲಿಲ್ಲ ಕಣೇ" ಎಂದರು. "ಬದುಕಿರ್ತೀನಾ ಅಂತ ನೋಡ್ದೆ."

ಇಂಥವರನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದು ಮೌಢ್ಯವೆಂದರೆ ನಾಲಗೆ ಏಳುವುದಿಲ್ಲ, ವಾತ್ಸಲ್ಯವೆಂದು ಕೊಂಡಾಡಹೊರಟರೆ ಗೋಡೆಗೆ ಮುಖಮಾಡಿ ಅತ್ತ ಹುಡುಗಿ ನೆನಪಾಗುತ್ತಾಳೆ. ಅವರು ಪುಸ್ತಕಕ್ಕೆ ಒಗ್ಗುವವರಲ್ಲ, ವಾದಕ್ಕೆ ಮಣಿಯುವವರಲ್ಲ; ಒಮ್ಮೆ ಕೈತಪ್ಪಿ ಆದದ್ದಕ್ಕೆ ಉಳಿದ ಆಯುಷ್ಯವನ್ನೆಲ್ಲ ಕಾವಲಿಗಿಟ್ಟವರು. ನಾಡಿನ ಮನೆಮನೆಯ ಅಡುಗೆಮನೆಯಲ್ಲೂ ಅಂಥವರು ಒಬ್ಬರಾದರೂ ಇದ್ದಾರೆಂದು ನನ್ನ ನಂಬಿಕೆ. ಅವರ ಕೈತುತ್ತು ತಿಂದು ಬೆಳೆದ ನಮಗೆ ರುಚಿ ಮಾತ್ರ ನೆನಪಿರುತ್ತದೆ; ನಮಗಿಂತ ಮೊದಲು ಅದನ್ನು ಒಬ್ಬರು ಪ್ರಾಣಭಯದಿಂದ ತಿಂದಿದ್ದರು ಎಂಬುದು ಯಾರಾದರೂ ಹೇಳದ ಹೊರತು ಗೊತ್ತಾಗುವುದಿಲ್ಲ, ಮತ್ತು ಅವರು ಹೇಳುವುದಿಲ್ಲ.